ಹೆಸರಿಲ್ಲದ ಪೊಟ್ಟಣಗಳು

2025ರ ಫೆಬ್ರವರಿ 11, ಮಂಗಳವಾರ, ಬೆಳಿಗ್ಗೆ 10.20. ಠಾಣೆಯಲ್ಲಿ ಪಿಎಸ್‌ಐ ಮನ್ವಿತಾ ಎದುರು ಕುಳಿತ ದೀಪೇಶ್ ಅದೇ ಮಾತನ್ನು ಮೂರನೇ ಸಲ ಹೇಳಿದ.

“ಅಪ್ಪನಿಗೆ ವಿಷ ಹಾಕಿದ್ದು ನೆರೆಮನೆಯ ಅಣ್ಣುವೇ ಮೇಡಂ.”

“ನೀವು ನೋಡಿದ್ರಾ?”

“ನೋಡ್ಬೇಕಾ? ಕಾಂಪೌಂಡ್ ಗೋಡೆಯ ಜಗಳ ಇಡೀ ದೇರೆಬೈಲಿಗೆ ಗೊತ್ತುಂಟು.”

ಹಿಂದಿನ ದಿನ ಬೆಳಿಗ್ಗೆ ಅವನ ತಂದೆ, ಅರವತ್ತೇಳರ ನೋಣಯ್ಯ, ಕೂಳೂರು ಸೇತುವೆಯ ಬಳಿ ಸ್ಕೂಟರಿನಿಂದ ಬಿದ್ದಿದ್ದರು. ಯಾವ ವಾಹನವೂ ತಾಗಿರಲಿಲ್ಲ. ಸ್ಕೂಟರ್ ಓಡಿಸುತ್ತಲೇ ತೂಕಡಿಸುತ್ತಿದ್ದರೆಂದು ಹಿಂದಿನ ಬಸ್ಸಿನ ಚಾಲಕ ಹೇಳಿದ್ದ. ಈಗ ಐಸಿಯುನಲ್ಲಿದ್ದರು, ಪ್ರಜ್ಞೆ ಬಂದಿರಲಿಲ್ಲ. ಮನ್ವಿತಾ ಎಫ್‌ಐಆರ್ ದಾಖಲಿಸಿದರು. ಅಣ್ಣುವನ್ನು ಕರೆಸಿ ಒಂದು ಗಂಟೆ ವಿಚಾರಿಸಿದರು. ಆತ ವಾರದಿಂದ ಊರಲ್ಲೇ ಇರಲಿಲ್ಲ, ಮರಳಿದ್ದು ಅಂದು ಬೆಳಿಗ್ಗೆಯಷ್ಟೇ, ರೈಲು ಟಿಕೆಟ್ ಕಿಸೆಯಲ್ಲೇ ಇತ್ತು. ಆ ಒಂದು ಗಂಟೆ ದಂಡ.

ಮಧ್ಯಾಹ್ನ 12.45ಕ್ಕೆ ಅತ್ತಾವರದ ಆಸ್ಪತ್ರೆಯಲ್ಲಿ ವೈದ್ಯೆ ಇನ್ನೊಂದು ದಾರಿ ತೋರಿಸಿದರು.

“ಮದ್ಯ ಇಲ್ಲ, ಕೀಟನಾಶಕವೂ ಅಲ್ಲ. ಇವರಿಗೆ ಶುಗರಿನಿಂದ ಕಾಲಿನ ನರದ ಉರಿ. ನಾನೇ ಒಂದು ಕ್ಯಾಪ್ಸೂಲ್ ಬರೆದಿದ್ದೆ. ಪ್ರಿಗಾಬಲಿನ್, ನಾರ್ಟ್ರಿಪ್ಟಿಲಿನ್, ಎರಡೂ ಒಂದರಲ್ಲೇ ಉಂಟು. ಕಿಡ್ನಿ ವೀಕ್, ಹಾಗಾಗಿ ಕಡಿಮೆ ಡೋಸ್, ರಾತ್ರಿ ಒಂದೇ. ನಿದ್ದೆ ಬರ್ತದೆ, ಗಾಡಿ ಓಡಿಸ್ಬೇಡಿ ಅಂತಲೂ ಹೇಳಿದ್ದೆ.”

“ಜಾಸ್ತಿ ನುಂಗಿದ್ದಾರಾ?”

“ಹಾಗೇ ಕಾಣ್ತದೆ. ಹೃದಯದ ಬಡಿತವೂ ಸರಿ ಇಲ್ಲ. ಬೇರೆ ಎಂತ ಹೊಟ್ಟೆಗೆ ಹೋಗಿದೆ ಅಂತ ಬೇಗ ಗೊತ್ತಾಗ್ಬೇಕು. ಇಲ್ಲದಿದ್ರೆ ಕಷ್ಟ.”

2.40ಕ್ಕೆ ನೋಣಯ್ಯನವರ ಮನೆಯಲ್ಲಿ ಪಂಚನಾಮೆ ನಡೆಯಿತು. ಹೆಡ್ ಕಾನ್‌ಸ್ಟೇಬಲ್ ಲ್ಯಾನ್ಸಿ ಬಿಸ್ಕತ್ತಿನ ಡಬ್ಬಿಯಲ್ಲಿದ್ದ ಮಾತ್ರೆಗಳನ್ನು ಮೇಜಿನ ಮೇಲೆ ಸುರಿದರು. ಮದ್ದು ಶುರುವಾಗಿ ಹತ್ತು ರಾತ್ರಿಗಳಾಗಿದ್ದವು, ಸ್ಟ್ರಿಪ್ಪಿನಲ್ಲಿ ಖಾಲಿಯಾಗಿದ್ದುದೂ ಹತ್ತೇ. ಅಂದರೆ ಡೋಸಿನ ಮಟ್ಟಿಗೆ ಮುದುಕರು ವೈದ್ಯೆಯ ಮಾತು ಅಕ್ಷರಶಃ ಪಾಲಿಸಿದ್ದರು. ಡಬ್ಬಿಯ ತಳದಲ್ಲಿ ಮಾತ್ರ ಬಿಳಿ ಕಾಗದದ ಪುಟ್ಟ ಪೊಟ್ಟಣಗಳಿದ್ದವು. ಒಳಗೆ ಬಿಡಿ ಕ್ಯಾಪ್ಸೂಲುಗಳು. ಪೊಟ್ಟಣದ ಮೇಲೆ ಹೆಸರಿಲ್ಲ, ತಾರೀಕಿಲ್ಲ.

“ಇದೆಂತದು?”

“ಅದು ಮದ್ದಲ್ಲ ಮೇಡಂ, ನರಕ್ಕೆ ಶಕ್ತಿಯದ್ದು. ಬೆಳಿಗ್ಗೆ ಒಂದು,” ಎಂದ ದೀಪೇಶ್.

“ಕೊಟ್ಟದ್ದು ಯಾರು?”

“ರುಡೊಲ್ಫ್ ಡಾಕ್ಟ್ರು.”

“ಯಾವ ಆಸ್ಪತ್ರೆ?”

“ಆಸ್ಪತ್ರೆ ಎಲ್ಲ ಇಲ್ಲ. ಆಚೆ ತಿರುವಿನ ಮನೆ.”

“ಬೆಳಿಗ್ಗೆ ಯಾಕೆ ಹೇಳ್ಲಿಲ್ಲ ಮಾರಾಯ?”

“ನೀವು ವಿಷದ ಬಗ್ಗೆ ಕೇಳಿದ್ದಲ್ವಾ?”

ಮನ್ವಿತಾಗೆ ಪಿತ್ತ ನೆತ್ತಿಗೇರಿತು. ಕ್ಯಾಪ್ಸೂಲಿನ ಫೋಟೊ, ಅದರ ಮೇಲಿದ್ದ ಸಣ್ಣ ಕೋಡ್ ಸಹಿತ, ವೈದ್ಯೆಗೆ ಹೋಯಿತು. ಹತ್ತು ನಿಮಿಷದಲ್ಲಿ ಉತ್ತರ ಬಂತು: ನಾನು ಬರೆದದ್ದೂ ಇದೂ ಒಂದೇ ಮದ್ದು, ಇದರಲ್ಲಿ ವಿಟಮಿನ್ ಸೇರಿದೆ, ಡೋಸ್ ದೊಡ್ಡದು. ತಗೊಳ್ಳುತ್ತಿರುವ ಬೇರೆಯವರಿದ್ದರೆ ಸಂಜೆಯೊಳಗೆ ಕಳಿಸಿ. ಒಮ್ಮೆಲೇ ನಿಲ್ಲಿಸಿದರೂ ತೊಂದರೆ.

ಆದರೆ ಬೇರೆಯವರು ಬಾಯಿ ಬಿಡಬೇಕಲ್ಲ! ತಿರುವಿಗೆ ಹೋಗುವ ದಾರಿಯ ಎಂಟು ಮನೆಗಳ ಬಾಗಿಲು ಬಡಿದರೆ ಎಂಟರಲ್ಲೂ ಒಂದೇ ಉತ್ತರ, ಇಲ್ಲ. ಉಮಾವತಿ ಎಂಬವರಂತೂ ಫ್ರಿಜ್ಜಿನ ಮೇಲೆ ಎದ್ದು ಕಾಣುತ್ತಿದ್ದ ಪೊಟ್ಟಣಕ್ಕೆ ಬೆನ್ನು ಕೊಟ್ಟು ನಿಂತು, “ನಮ್ಮಲ್ಲಿ ಎಂತ ಸಹ ಇಲ್ಲ, ಚಾ ಕುಡೀತೀರಾ?” ಎಂದರು.

4.30ಕ್ಕೆ ರುಡೊಲ್ಫ್ ಜಗಲಿಯಲ್ಲೇ ಸಿಕ್ಕರು, ಕಾಗದ ಮಡಿಸುತ್ತ. ವಯಸ್ಸು ಎಪ್ಪತ್ತು. ಆಸ್ಪತ್ರೆಯೊಂದರ ಔಷಧ ಉಗ್ರಾಣದಲ್ಲಿ ಮೂವತ್ತು ವರ್ಷ ಅಟೆಂಡರ್ ಆಗಿದ್ದವರು. ತೀರಿಹೋದ ಹೆಂಡತಿಯ ಹಳೆಯ ಔಷಧ ಚೀಟಿಯನ್ನು ಅಂಗಡಿಯಲ್ಲಿ ತೋರಿಸಿ ಕ್ಯಾಪ್ಸೂಲು ತರುತ್ತಿದ್ದರು.

“ಸ್ಟ್ರಿಪ್ಪಿನಿಂದ ಯಾಕೆ ಬಿಚ್ಚಿದ್ರಿ?”

“ಹೆಸರು ಕಂಡ್ರೆ ಜನ ಮೊಬೈಲಲ್ಲಿ ಹುಡುಕ್ತಾರೆ. ಹೆದರಿ ಬಿಟ್ಟುಬಿಡ್ತಾರೆ.”

“ನೋಣಯ್ಯ ಬೇರೆ ಮದ್ದು ತಗೊಳ್ತಾರಾ ಅಂತ ಕೇಳಿದ್ರಾ?”

ಮಡಿಸುತ್ತಿದ್ದ ಕಾಗದವನ್ನು ಅವರು ಕೆಳಗಿಟ್ಟರು. “ಕೇಳ್ಲಿಲ್ಲ.”

“ಬೇರೆ ಯಾರಿಗೆಲ್ಲ ಕೊಟ್ಟಿದ್ದೀರಿ?”

ಅವರು ತಡವರಿಸದೆ ಆರು ಹೆಸರು ಹೇಳಿದರು. 5.10ಕ್ಕೆ ಬಂಧನ. ಪರವಾನಗಿ ಇಲ್ಲದೆ ಔಷಧ ವಿತರಣೆ, ಜೀವಕ್ಕೆ ಅಪಾಯ ತಂದ ನಿರ್ಲಕ್ಷ್ಯ.

ಜೀಪು ಹೊರಡುವಷ್ಟರಲ್ಲಿ ಉಮಾವತಿ ಪೊಟ್ಟಣ ಹಿಡಿದು ಓಡೋಡಿ ಬಂದರು. ಪೊಲೀಸರು ಅವರ ಕಣ್ಣಿಗೇ ಬೀಳಲಿಲ್ಲ.

“ಡಾಕ್ಟ್ರೇ, ಇವತ್ತಿನದ್ದು ತಗೊಳ್ಳುದಾ, ಬೇಡ್ವಾ?”

ಮನ್ವಿತಾ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ. ರುಡೊಲ್ಫ್ ಪೊಟ್ಟಣವನ್ನು ಕೈಯಿಂದ ಆಚೆ ಸರಿಸಿದರು.

“ನಂಗೆ ಗೊತ್ತಿಲ್ಲ ಉಮಕ್ಕ. ಡಾಕ್ಟರನ್ನು ಕೇಳಿ.”

ಲ್ಯಾನ್ಸಿ ಆರೂ ಮಂದಿಯನ್ನು ಆಸ್ಪತ್ರೆಗೆ ಹೊರಟ ಇನ್ನೊಂದು ವಾಹನಕ್ಕೆ ಹತ್ತಿಸಿದರು.

ರುಡೊಲ್ಫರ ಹೇಳಿಕೆ ಒಂದೇ ಪುಟದ್ದು. ಹೆಂಡತಿ ಎಲೇನ್‌ಗೆ ನಾಲ್ಕು ವರ್ಷ ಕಾಲಿನ ಉರಿ. ಮದ್ದಿನ ಹೆಸರನ್ನು ಮೊಬೈಲಿನಲ್ಲಿ ಓದಿ ಹೆದರಿ, ಗಂಡನಿಗೂ ವೈದ್ಯರಿಗೂ ಹೇಳದೆ ನುಂಗುವುದನ್ನೇ ಬಿಟ್ಟಿದ್ದರು. ಒದ್ದಾಡುತ್ತಲೇ ದಿನ ತಳ್ಳಿದರು. ಅವರು ತೀರಿಕೊಂಡ ಮೇಲೆ ಹೊಲಿಗೆ ಯಂತ್ರದ ಖಾನೆಯಲ್ಲಿ ಹತ್ತೊಂಬತ್ತು ಸ್ಟ್ರಿಪ್ಪುಗಳು ಸಿಕ್ಕವು. ಒಂದನ್ನೂ ಒಡೆದಿರಲಿಲ್ಲ. ಮೊದಲ ಪೊಟ್ಟಣಗಳನ್ನು ರುಡೊಲ್ಫ್ ಕಟ್ಟಿದ್ದು ಅವುಗಳಿಂದಲೇ.

ಬುಧವಾರ ಬೆಳಿಗ್ಗೆ 9.05ಕ್ಕೆ ಆಸ್ಪತ್ರೆಯಿಂದ ಫೋನ್ ಬಂತು. ನೋಣಯ್ಯ ಕಣ್ಣು ತೆರೆದಿದ್ದರು, ಮಗನನ್ನು ಗುರುತಿಸಿದ್ದರು. ಮನ್ವಿತಾ ವಿಷಯ ತಿಳಿಸಿದಾಗ ಠಾಣೆಯ ಬೆಂಚಿನ ಮೇಲಿದ್ದ ರುಡೊಲ್ಫ್ ಎದ್ದು ನಿಂತರು.

“ಕಾಲು ಉರಿ ಉಂಟಾ ಅಂತ ಕೇಳಿದ್ರಾ, ಮೇಡಂ?”

ನಿನ್ನೆಯಿಂದ ಕೂಡಿಟ್ಟಿದ್ದ ಬೈಗುಳವೆಲ್ಲ ಮನ್ವಿತಾರ ಬಾಯಿಯವರೆಗೆ ಬಂತು. ಅವರು ಬೈಯಲಿಲ್ಲ. ಮತ್ತೆ ಆಸ್ಪತ್ರೆಗೆ ಫೋನ್ ಮಾಡಿ ಕೇಳಿದರು.