ಟಿವಿ ಬಿತ್ತಂತೆ!

"ಅಯ್ಯೋ, ಮತ್ತೆ ಡಾಕ್ಯುಮೆಂಟರಿನಾ? ಬೇಡಮ್ಮಾ ತಾಯಿ, ಕೈ ಮುಗೀತೀವಿ!"

ಹಿಂದಿನ ಬೆಂಚಿನ ಗುಂಡ ನಿಜವಾಗಿಯೂ ಎದ್ದು ನಿಂತು ಕೈಮುಗಿದ. ಕ್ಲಾಸೆಲ್ಲ ಗೊಳ್ಳೆಂದಿತು.

ಕೊನೆಯ ಪೀರಿಯಡ್‌ನಲ್ಲಿ ಯಾವ ಫಿಲ್ಮ್ ನೋಡಬೇಕೆಂದು ಹೇಳುವ ಸರದಿ ಈ ವಾರ ಆಕಳಿಕೆಯದು. ಹೌದು, ಅವಳ ಹೆಸರು ಈಗ ಅದೇ. ಹೋದ ಸಲ ಅವಳು ಆರಿಸಿದ ಇರುವೆಗಳ ಫಿಲ್ಮ್‌ಗೆ ಅರ್ಧ ಕ್ಲಾಸು ನಿದ್ದೆ ಹೊಡೆದಿತ್ತು. ಈ ಸಲವೂ ಕೆಟ್ಟರೆ ಆ ಹೆಸರು ಹೈಸ್ಕೂಲಿಗೂ ಬೆನ್ನು ಹತ್ತಿ ಬರುತ್ತದೆ!

"ಇದು ಹಾಗಲ್ಲ ಕಣ್ರೋ. ಟಿವಿ, ಪೇಪರ್, ಫೋನ್ ಎಲ್ಲ ಸೇರಿ ನಮ್ಮ ತಲೇಲಿ ಏನೇನು ತುಂಬ್ತಾವೆ ಅಂತ ತೋರಿಸ್ತಾರೆ. ಸಖತ್ತಾಗಿದೆ. ನಾನೂ ತಾತನೂ ನೋಡಿದ್ವಿ."

ಮುಂದಿನ ಬೆಂಚಿನವಳು ಬೇಕೆಂದೇ ಬಾಯಿ ಅಗಲಿಸಿ ಆಕಳಿಸಿದಳು. ಆಗಲೇ ಇವಳ ನಾಲಿಗೆ ಜಾರಿದ್ದು.

"ಅದನ್ನ ನೋಡಿ ಯಾರೋ ಟಿವಿನೇ ಹೊರಗೆ ಹಾಕಿಬಿಟ್ರಂತೆ!"

"ಹೌದಾ? ಹಾಗಾದ್ರೆ ಅದೇ ನೋಡೋಣ!" ಗುಂಡ ಕೈ ಎತ್ತಿದ. ಅವನ ಹಿಂದೆಯೇ ಎಲ್ಲರ ಕೈಗಳೂ ಮೇಲೆದ್ದವು.

ಊಟದ ಬೆಲ್ ಹೊಡೆಯುವಷ್ಟರಲ್ಲಿ ಆ ಮಾತಿಗೆ ರೆಕ್ಕೆಪುಕ್ಕ ಹುಟ್ಟಿತ್ತು. ನಲ್ಲಿಯ ಹತ್ತಿರ, "ಟಿವಿನ ಮಹಡಿಯಿಂದ ಬಿಸಾಕಿದ್ರಂತೆ." ಮೆಟ್ಟಿಲ ಮೇಲೆ, "ಯಾರದೋ ತಲೆ ಮೇಲೆ ಬಿತ್ತಂತೆ." ಕೊನೆಗೆ ಗುಂಡನೇ ಓಡಿಬಂದು ಅವಳ ಕಿವಿಯಲ್ಲಿ ಪಿಸುಗುಟ್ಟಿದ. "ಗೊತ್ತಾ ನಿಂಗೆ? ಬಿದ್ದಿದ್ದು ನಮ್ಮ ವಾಚ್‌ಮನ್ ಅಂಕಲ್ ತಲೆ ಮೇಲಂತೆ! ಆಸ್ಪತ್ರೇಲಿದ್ದಾರಂತೆ!"

"ಅಯ್ಯೋ ಪಾಪ!" ಎಂದುಬಿಟ್ಟಳು ಆಕಳಿಕೆ. ಆ ಟಿವಿಯನ್ನು ಬರೀ ಬಾಯಿಮಾತಲ್ಲಿ ಹೊರಗೆ ಹಾಕಿಸಿದ್ದು ತಾನೇ ಎಂದು ಆಮೇಲೆ ಹೊಳೆಯಿತು. ಅರ್ಧ ಊಟಕ್ಕೇ ಡಬ್ಬಿ ಮುಚ್ಚಿಬಿಟ್ಟಳು.

ಕೊನೆಯ ಪೀರಿಯಡ್‌ಗೆ ಪ್ರೊಜೆಕ್ಟರ್ ಹೊತ್ತುಕೊಂಡು ಒಳಗೆ ಬಂದವರು ವಾಚ್‌ಮನ್ ಅಂಕಲ್ಲೇ.

"ಬದುಕಿದ್ದಾರೆ ಕಣ್ರೋ!" ಎಂದು ಕಿರುಚಿದ ಗುಂಡ. "ಅಂಕಲ್, ನಿಮ್ಮ ತಲೆ ಮೇಲೆ ಟಿವಿ ಬಿತ್ತಂತೆ?"

ಅಂಕಲ್ ತಲೆ ಮುಟ್ಟಿ ನೋಡಿಕೊಂಡರು.

"ಯಾರು ಹೇಳಿದ್ದು ನಿಂಗೆ?" ಎಂದರು ಹಿಂದೆಯೇ ಬಂದ ಮಿಸ್.

ಗುಂಡ ಪಕ್ಕದವನತ್ತ ಬೆರಳು ತೋರಿಸಿದ. ಅವನು ಕಿಟಕಿ ಪಕ್ಕದವಳತ್ತ ತೋರಿಸಿದ. ಬೆರಳುಗಳು ಕ್ಲಾಸೆಲ್ಲ ಸುತ್ತಿ ಆಕಳಿಕೆಯ ಹತ್ತಿರ ಬಂದು ನಿಂತವು. ತೋರಿಸಲು ಅವಳಿಗೆ ಯಾರೂ ಉಳಿದಿರಲಿಲ್ಲ.

"ಈ ಫಿಲ್ಮ್ ನೋಡಿ ನಮ್ಮ ತಾತ ಟಿವಿ ಆಫ್ ಮಾಡಿ ಗಿಡಕ್ಕೆ ನೀರು ಹಾಕಕ್ಕೆ ಹೋದ್ರು, ಮಿಸ್. ಅಷ್ಟೇ ಆಗಿದ್ದು."

ಮೊದಲು ನಕ್ಕವರು ಅಂಕಲ್. "ಅಂತೂ ನಿಮ್ಮ ತಾತ ಗಿಡಕ್ಕೆ ನೀರು ಹಾಕಿದ್ದಕ್ಕೆ ನನ್ನ ತಲೆ ಒಡೀತು ಅನ್ನು!"

ಮಿಸ್ ಕೂಡ ನಗು ತಡೆಯಲಾರದೆ ಲೈಟ್ ಆರಿಸಿದರು. ಪರದೆಯ ಮೇಲೆ ಒಂದು ಪುಟ್ಟ ಸುದ್ದಿ ಟಿವಿಯಿಂದ ಫೋನಿಗೆ, ಫೋನಿನಿಂದ ಬೀದಿಗೆ ಹೋಗುತ್ತ ಊದಿಕೊಳ್ಳುತ್ತಿತ್ತು.

"ಲೇ, ಇದು ನಮ್ಮ ಕ್ಲಾಸೇ!" ಎಂದು ಕೂಗಿದ ಗುಂಡ. ಕಣ್ಣು ಮಿಟುಕಿಸದೆ ನೋಡಿದ.

ಸಂಜೆ ತಾತ ಗಿಡಗಳಿಗೆ ನೀರು ಬಿಡುತ್ತಿದ್ದರು. "ಎಲ್ರಿಗೂ ಇಷ್ಟ ಆಯ್ತೇನೇ, ಪುಟ್ಟಿ?"

"ಹೂಂ ತಾತ, ಎಲ್ರಿಗೂ ಇಷ್ಟ ಆಯ್ತಂ..."

ಅವಳು ಅಲ್ಲಿಗೇ ನಿಲ್ಲಿಸಿದಳು. ತಾತನ ಕೈಯಿಂದ ಪೈಪ್ ತೆಗೆದುಕೊಂಡು ಗುಲಾಬಿ ಬುಡಕ್ಕೆ ಹಿಡಿದಳು.

"ಗುಂಡನಿಗೆ ಆಯ್ತು. ಅದನ್ನ ನಾನೇ ನೋಡ್ದೆ. ಉಳಿದವ್ರನ್ನ ನಾಳೆ ಕೇಳ್ಕೊಂಡು ಬಂದು ಹೇಳ್ತೀನಿ."