ಕಳೆದುಹೋಗದ ಕಾರ್ಡು

ಕಸಿಯವನು ದನದ ಆಸ್ಪತ್ರೆಯ ಜಗಲಿ ಹತ್ತಿದಾಗ ಕಾಂಪೌಂಡರು ಒಂದು ಕರುವಿನ ದವಡೆ ಹಿಡಿದು ಔಷಧ ಹುಯ್ಯುತ್ತಿದ್ದರು. ಅವನ ಕಂಕುಳಲ್ಲಿ ಕಾಗದ ತುಂಬಿದ ಪ್ಲಾಸ್ಟಿಕ್ ಚೀಲವಿತ್ತು. ತಿಂಗಳ ಹಿಂದೆ ರಜೆ ಹಾಕಿ ತನ್ನ ದೇಶಕ್ಕೆ ಹೋದವನು ಈಗ ಅರ್ಧ ಆಳಾಗಿ ಬಂದಿದ್ದ. ಕರು ತನ್ನ ಪಾಲಿನ ಔಷಧವನ್ನು ಕಾಂಪೌಂಡರ ಅಂಗಿಗೆ ಉಗುಳಿ ಮುಗಿಸುವವರೆಗೂ ಸುಮ್ಮನೆ ನಿಂತಿದ್ದು, ಆಮೇಲೆ ತಕ್ಕಡಿ ಮೇಷ್ಟ್ರು ಇದ್ದಾರಾ ಎಂದು ಕೇಳಿದ.

ಮೇಷ್ಟ್ರು ಇದ್ದರು. ದಿನವೂ ಬೆಳಿಗ್ಗೆ ಅದೇ ಜಗಲಿಯ ತುದಿಯ ಬೆಂಚಿನಲ್ಲಿ ಪೇಪರು ಹಿಡಿದು ಕೂರುವುದು ಅವರ ರೂಢಿ. ಅವರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಅಂಗಡಿಗಳ ತಕ್ಕಡಿ ಪರೀಕ್ಷಿಸಿ ನಿವೃತ್ತರಾದವರು. ತಟ್ಟೆಯ ಅಡಿಗೆ ಅಂಟಿಸಿದ ಕಡಲೆಕಾಳಷ್ಟು ಮೇಣವನ್ನೂ ಬಿಡದೆ ಹುಡುಕಿದ್ದರಿಂದ ಊರು ಆ ಹೆಸರು ಕೊಟ್ಟಿತ್ತು. ಈಗ ಜನ ತಕ್ಕಡಿಯ ಬದಲು ತಮ್ಮ ತಕರಾರು ಹೊತ್ತು ಬರುತ್ತಿದ್ದರು. ಮೇಷ್ಟ್ರು ಎದ್ದು ಹೊರಟಾಗೆಲ್ಲ ಕಾಂಪೌಂಡರೂ ಕೈತೊಳೆದು ಹಿಂದೆ ಹೊರಡುತ್ತಿದ್ದರು. ದನಗಳು ಕಾಯುತ್ತಿದ್ದವು.

"ಶುಕ್ರವಾರ ನನ್ನ ನಿವಾಸದ ಕಾರ್ಡು ರದ್ದು ಮಾಡ್ತಾರೆ, ಮೇಷ್ಟ್ರೇ," ಎಂದ ಕಸಿಯವನು. "ಹನ್ನೆರಡು ವರ್ಷ ಇಲ್ಲಿಯ ತೋಟದಲ್ಲಿ ಗಿಡಕ್ಕೆ ಕಸಿ ಕಟ್ಟಿದೀನಿ. ಮೂರು ದಿನ ಉಳಿದಿದೆ."

ಅವನು ಗಡಿಯಾಚೆಯವನು. ಎರಡೂ ಕಡೆ ಆಡುವ ಮಾತು ಒಂದೇ, ಬಳಕೆ ಮಾತ್ರ ಅಲ್ಲಲ್ಲಿ ಬೇರೆ. ಇಲ್ಲಿ ನೆಲೆಸಿದ ಹೊರದೇಶದವರು ತಮ್ಮೂರಿಗೆ ಹೋದರೆ ಮೂವತ್ತು ದಿನದೊಳಗೆ ವಾಪಸಾಗಬೇಕೆಂಬುದು ನಿಯಮ. ಇವನು ಮೂವತ್ತನಾಲ್ಕನೇ ದಿನ ಬಂದಿದ್ದ. ಗಡಿಯಲ್ಲಿ ಕಾರ್ಡು ಇಟ್ಟುಕೊಂಡು, ತಡವಾದದ್ದು ನಿನ್ನ ತಪ್ಪಿನಿಂದಲ್ಲ ಎಂದು ಶುಕ್ರವಾರ ಕಚೇರಿಯಲ್ಲಿ ತೋರಿಸು ಎಂದು ಚೀಟಿ ಕೊಟ್ಟು ಬಿಟ್ಟಿದ್ದರು.

ತಡವಾದ ಕತೆಯನ್ನು ಅವನು ಕಸಿ ಕಟ್ಟುವಷ್ಟೇ ನಿಧಾನವಾಗಿ ಹೇಳಿದ. ಊರಿನಲ್ಲಿ ಅಕ್ಕನ ಕಾಲಿನ ಹುಣ್ಣು ಕಪ್ಪಾಗುತ್ತಿತ್ತು. ಎರಡು ಬೆರಳು ತೆಗೆದರೆ ಸಾಕು, ಆದರೆ ಕೂಡಲೇ ತೆಗೆಯಬೇಕು ಎಂದಿದ್ದರು ಅಲ್ಲಿಯ ಡಾಕ್ಟರು. ಹೊರಡುವ ಮುನ್ನ ಇವನು ಬ್ಯಾಂಕಿಗೆ ಹೋಗಿ, ಹೊರದೇಶದಲ್ಲಿ ಬ್ಯಾಂಕಿನ ಕಾರ್ಡು ಬಳಸುವುದಾಗಿ ತಿಳಿಸಿ, ದಿನಕ್ಕೆ ತೆಗೆಯುವ ಮಿತಿಯನ್ನೂ ಏರಿಸಿಕೊಂಡಿದ್ದ. ಅಲ್ಲಿ ಮೊದಲ ದಿನ ಯಂತ್ರ ಹಣ ಕೊಟ್ಟಿತು, ಪರೀಕ್ಷೆಗಳಿಗೆ ಆಯಿತು. ನಾಲ್ಕನೇ ದಿನ, ಆಪರೇಷನ್ನಿಗೆ ಮುಂಗಡ ಕಟ್ಟಬೇಕಾದ ಬೆಳಿಗ್ಗೆ, ಯಂತ್ರ ಕಾರ್ಡನ್ನು ಹೊರಗೆ ತಳ್ಳಿ ನಿಮ್ಮ ಬ್ಯಾಂಕನ್ನು ಸಂಪರ್ಕಿಸಿ ಎಂದಿತು. ಇನ್ನೆರಡು ಬೀದಿಯ ಯಂತ್ರಗಳೂ ಅದನ್ನೇ ಹೇಳಿದವು. ಬ್ಯಾಂಕಿಗೆ ಫೋನು ಮಾಡಿದರೆ, ಕಾರ್ಡು ಕಳೆದಿದೆ ಎಂದು ನೀವೇ ಬರೆದು ಕೊಟ್ಟಿದ್ದೀರಿ, ಅದಕ್ಕೇ ತಡೆದಿದ್ದೇವೆ, ಬಿಡಿಸಲು ನಿವಾಸದ ಕಾರ್ಡಿನೊಂದಿಗೆ ಖುದ್ದಾಗಿ ಬನ್ನಿ ಎಂದರು.

"ಕಾರ್ಡು ನನ್ನ ಕೈಯಲ್ಲೇ ಇತ್ತು," ಎಂದ. "ದುಡ್ಡು ಬೇಕಂದ್ರೆ ಇಲ್ಲಿಗೆ ಬರಬೇಕು. ಬರಬೇಕಂದ್ರೆ ಅಕ್ಕನ್ನ ಆಸ್ಪತ್ರೇಲಿ ಬಿಟ್ಟು ಬರಬೇಕು. ಫೋನಿನಲ್ಲಿದ್ದೋನು ನಿಮ್ಮ ಸಹಕಾರಕ್ಕೆ ಧನ್ಯವಾದ ಅಂದ."

ಕೊನೆಗೆ ಅಣ್ಣ ಎರಡು ಎಮ್ಮೆ ಮಾರಿದರಂತೆ. ಗಿರಾಕಿ ಸಿಗಲು ಆರು ದಿನ ಹಿಡಿಯಿತು. ಅಷ್ಟರಲ್ಲಿ ಬೆರಳಿನ ಮಾತು ಮುಗಿದು ಪಾದದ ಮಾತು ಬಂದಿತ್ತು. ಪಾದವನ್ನು ತೆಗೆದರು. ಅಣ್ಣ ಹಗಲೂ ರಾತ್ರಿ ಅಕ್ಕನ ಮಂಚದ ಪಕ್ಕ ಕೂತಿದ್ದರು. ಇವನು ಗಾಯ ಒಣಗುವವರೆಗೂ ಇದ್ದು ಬರುವಷ್ಟರಲ್ಲಿ ಮೂವತ್ತು ದಿನ ಮೀರಿತ್ತು.

"ಅಕ್ಕನಿಗೆ ವಯಸ್ಸೆಷ್ಟು?" ಎಂದರು ಮೇಷ್ಟ್ರು.

"ಅರವತ್ತೇಳು."

"ನಿನಗೆ?"

"ಮೂವತ್ತೊಂಬತ್ತು."

ಮೇಷ್ಟ್ರು ಪೇಪರು ಮಡಿಸಿದರು. ದೊಡ್ಡ ಸಂಸಾರದಲ್ಲಿ ಮೊದಲ ಮಗಳಿಗೂ ಕೊನೆಯ ಮಗನಿಗೂ ಅಷ್ಟು ಅಂತರ ಇರುವುದುಂಟು ಎಂದುಕೊಂಡರು ಕಾಂಪೌಂಡರು.

ಮೂವರೂ ಬ್ಯಾಂಕಿಗೆ ಹೋದಾಗ ಕಿಟಕಿಯ ಹೆಂಗಸು ಫೈಲು ತೆಗೆದು ತೋರಿಸಿದಳು. ಕಾರ್ಡು ಕಳೆದವರಿಗೆಂದೇ ಬಾಗಿಲ ಬಳಿ ಒಂದು ಪೆಟ್ಟಿಗೆಯೂ ಚೀಟಿಯ ಕಟ್ಟೂ ಇತ್ತು. ಯಾರೋ ಚೀಟಿ ತುಂಬಿಸಿ ಹಾಕಿದ್ದರು: ಹೆಸರು, ಖಾತೆಯ ನಂಬರು, ಹುಟ್ಟಿದ ದಿನ, ನಿವಾಸದ ಕಾರ್ಡಿನ ನಂಬರು, ತಾಯಿಯ ಹೆಸರು. ಅಕ್ಷರಗಳು ಅಚ್ಚು ಹೊಡೆದಂತೆ ಬಿಡಿಬಿಡಿಯಾಗಿದ್ದು ಯಾರ ಬರಹವೂ ಆಗಬಹುದಿತ್ತು. ತಡೆಯಲು ಸಹಿ ಬೇಕಿಲ್ಲವಂತೆ, ತೆರೆಯಲು ಬೇಕಂತೆ.

"ಚೀಟಿ ಹಾಕಿದ ದಿನ ಇವನು ಈ ದೇಶದಲ್ಲೇ ಇರಲಿಲ್ಲವಲ್ಲಮ್ಮ," ಎಂದರು ಮೇಷ್ಟ್ರು.

"ಯಾರ ಕೈಲಾದರೂ ಕಳಿಸಿರಬಹುದು, ಸಾರ್. ಐದಕ್ಕೆ ಐದೂ ನಮ್ಮ ಫೈಲಿಗೆ ತಾಳೆ ಆಗಿದೆ. ಹಾಗಾಗಿ ಚೀಟಿ ಇವರದ್ದೇ ಅಂತಲೇ ನಾವು ಕಚೇರಿಗೆ ಕಾಗದ ಕೊಡೋದು."

ಮೇಷ್ಟ್ರು ಕಸಿಯವನಿಂದ ಪಾಸ್‌ಪೋರ್ಟು ಇಸಿದುಕೊಂಡು ಚೀಟಿಯ ಪಕ್ಕದಲ್ಲಿಟ್ಟು ಬಹಳ ಹೊತ್ತು ನೋಡಿದರು. ಕಾಂಪೌಂಡರೂ ಬಗ್ಗಿ ನೋಡಿದರು. ಪಾಸ್‌ಪೋರ್ಟಿನಲ್ಲಿ ತಾಯಿಯ ಹೆಸರು ಉದ್ದವಾಗಿತ್ತು, ಚೀಟಿಯಲ್ಲಿ ಮೂರೇ ಅಕ್ಷರದ್ದು. ಮನೆಯಲ್ಲಿ ಕರೆಯುವ ಹೆಸರಿರಬೇಕು ಎಂದುಕೊಂಡು ಅವರು ಅಷ್ಟಕ್ಕೇ ಬಿಟ್ಟರು. ಅಮ್ಮನ ಹೆಸರು ಇದೇನಾ ಎಂದು ಮೇಷ್ಟ್ರು ಚೀಟಿ ತೋರಿಸಿ ಕೇಳಿದಾಗ ಕಸಿಯವನು ಹೌದೆಂದು ತಲೆಯಾಡಿಸಿದ.

ಅವನ ನಿವಾಸದ ಕಾರ್ಡಿನ ನಕಲು ಮೂವರ ಹತ್ತಿರ ಇತ್ತು. ಖಾತೆಯ ನಂಬರೂ ಆ ಮೂವರಿಗೇ ಗೊತ್ತಿತ್ತು. ಮೇಷ್ಟ್ರು ಒಬ್ಬೊಬ್ಬರನ್ನೇ ನೋಡಿಬಂದರು.

ತೋಟದ ಯಜಮಾನರು ಬೀರುವಿನಿಂದ ಅವನ ಫೈಲು ತೆಗೆದು ಮೇಜಿನ ಮೇಲೆ ಕುಕ್ಕಿದರು. ಪಾಸ್‌ಪೋರ್ಟಿನ ನಕಲೂ ಅದರಲ್ಲಿತ್ತು. ಕಸಿಯ ಕಾಲಕ್ಕೆ ರಜೆ ಕೇಳಿದ್ದಕ್ಕೆ ಹೇಗೆ ಹೋಗ್ತೀಯೋ ನೋಡ್ತೀನಿ ಅಂದದ್ದು ನಿಜ, ಅಂದೆ, ಸಿಟ್ಟಿಗೆ ಬಂದು ಅಂದೆ, ನೋಡುವುದಕ್ಕೇನೂ ಹೋಗಲಿಲ್ಲ ಎಂದು ಗೊಣಗಿದರು.

ಎರಡನೆಯವನು ಲಾರಿ ಡ್ರೈವರು. ಕಸಿಯವನ ಜೊತೆ ಒಂದೇ ಕೋಣೆಯಲ್ಲಿದ್ದು, ಒಂದೇ ಟ್ರಂಕು ಬಳಸುವವನು. ಗಡಿಯಾಚೆಯ ಅದೇ ಊರಿನವನು. ರಜೆಗೆ ಮುಂಚೆ ಇಬ್ಬರೂ ಏನಕ್ಕೋ ಮಾತು ಬಿಟ್ಟಿದ್ದರು. "ಅವನ ಮನೆ ಹಿತ್ತಲಲ್ಲಿ ಆಡಿ ಬೆಳೆದವನು ನಾನು," ಎಂದ ಡ್ರೈವರು. "ಜಗಳ ಆಡಿದೀನಿ, ಮುಂದೆಯೂ ಆಡ್ತೀನಿ. ಆದರೆ ಆ ಮನೆಯೋರ ಕಾಲು ಹೋಗೋ ಕೆಲಸ ಮಾಡೋನಲ್ಲ."

ಮೂರನೆಯವರು ಬೀಜದಂಗಡಿಯಮ್ಮ. ಕೋಣೆ ಅವರ ಮಹಡಿಯ ಮೇಲಿನದು. ಹನ್ನೆರಡು ವರ್ಷದ ಹಿಂದೆ, ಯಾವ ಕಿಟಕಿಯಲ್ಲಿ ಏನು ಕೇಳಬೇಕೆಂದು ಗೊತ್ತಿಲ್ಲದೆ ಕಣ್ಣು ಕಣ್ಣು ಬಿಡುತ್ತಿದ್ದವನನ್ನು ಕಚೇರಿ, ಬ್ಯಾಂಕು, ದವಾಖಾನೆ ಎಂದು ಸುತ್ತಿಸಿ ನಿಲ್ಲಿಸಿದವರು ಅವರೇ. ಐದು ವರ್ಷದ ಹಿಂದೆ ಅಮ್ಮ ಹೋದರೆಂದು ಅವನು ಊರಿಗೆ ಹೊರಟಾಗ ಬಸ್ಸಿನವರೆಗೂ ಬಂದು ಬೆನ್ನು ಸವರಿ ಕಳಿಸಿದ್ದರು. ಈಗಲೂ ಅವನ ವಿಷಯ ಬಂದೊಡನೆ ಕಣ್ಣೊರೆಸಿಕೊಂಡರು. ಅಂಗಡಿಯ ಹಿಂದಿನ ಅಂಗಳದಲ್ಲಿ ಕಸಿಗೆ ಬಂದ ಸಸಿಗಳು ಚೀಲಚೀಲಗಳಲ್ಲಿ ಕಾಲಿಡಲು ಜಾಗವಿಲ್ಲದಂತೆ ನಿಂತಿದ್ದವು.

"ಇಷ್ಟೊಂದು ಸಸಿ ಎಲ್ಲಿಡ್ತೀರಮ್ಮ?" ಎಂದರು ಮೇಷ್ಟ್ರು.

"ಜಾಗ ಆಗುತ್ತೆ ಬಿಡಿ," ಎಂದು ಆಕೆ ಪಕ್ಕದ ಖಾಲಿ ನೆಲದ ಕಡೆ ನೋಡಿದರು.

ಗುರುವಾರ ಸಂಜೆ ಮೂವರೂ ದನದ ಆಸ್ಪತ್ರೆಯ ಔಷಧದ ಕೋಣೆಯಲ್ಲಿ ಸೇರಿದರು. ಕಸಿಯವನು ಕಿಟಕಿಯ ಬಳಿ ನಿಂತ. ನಾಳೆ ಕಚೇರಿಗೆ ಇವನ ಪರವಾಗಿ ಒಂದು ಕಾಗದ ಕೊಡೋಣ, ಇವನನ್ನು ಬಲ್ಲವರೆಂದು ತೋರಿಸಲು ನಾಲ್ಕು ವಿವರ ಬರೆದುಕೊಡಿ ಎಂದು ಮೇಷ್ಟ್ರು ಹಾಳೆ ಹಂಚಿದರು. ಹುಟ್ಟಿದ ಊರು, ಕೆಲಸಕ್ಕೆ ಸೇರಿದ ವರ್ಷ, ತಾಯಿಯ ಹೆಸರು, ತಂದೆಯ ಕಸುಬು. ಯಜಮಾನರು ಫೈಲು ನೋಡಿಕೊಂಡು ಬರೆದರು. ಡ್ರೈವರು ನಾಲಿಗೆ ಕಚ್ಚಿಕೊಂಡು ಬರೆದ. ಎಲ್ಲರಿಗಿಂತ ಮೊದಲು ಮುಗಿಸಿದವರು ಬೀಜದಂಗಡಿಯಮ್ಮ. ಕಾಂಪೌಂಡರು ಹಾಳೆಗಳನ್ನು ಒಟ್ಟು ಮಾಡುವಾಗ ಒಂದರ ಮೇಲೆ ಅವರ ಕಣ್ಣು ನಿಂತಿತು. ಅದನ್ನು ಎಲ್ಲಕ್ಕಿಂತ ಮೇಲಿಟ್ಟು ಕೊಟ್ಟರು.

ಮೇಷ್ಟ್ರು ಹಾಳೆಗಳನ್ನು ಮೇಜಿನ ಮೇಲೆ ಹರವಿದರು.

"ಚೀಟಿ ಹಾಕಿದವರು ಐದು ವಿವರ ಬರೆದಿದ್ದರು. ನಾಲ್ಕು ನಿಮ್ಮ ಮೂವರ ಹತ್ತಿರವೂ ಇದ್ದಂಥವು. ಐದನೆಯದು ತಾಯಿಯ ಹೆಸರು. ಬ್ಯಾಂಕಿನ ಫೈಲಿನಲ್ಲಿರುವ ಹೆಸರೂ ಪಾಸ್‌ಪೋರ್ಟಿನ ಹೆಸರೂ ಬೇರೆ ಬೇರೆ. ಒಂದೇ ಹೆಸರಿನ ಗಿಡ್ಡ ರೂಪವಲ್ಲ, ಇಬ್ಬರು ಹೆಂಗಸರ ಹೆಸರು. ಯಾಕಪ್ಪಾ ಹಾಗೆ, ನೀನೇ ಹೇಳು. ನಿಮ್ಮ ಮನೆಯಲ್ಲಿ ಅಮ್ಮ ಅಂತ ಯಾರನ್ನ ಕರೆಯೋದು?"

"ಅಜ್ಜಿಯನ್ನ," ಎಂದ ಕಸಿಯವನು. "ಐದು ವರ್ಷದ ಹಿಂದೆ ಹೋದರಲ್ಲ, ಅವರನ್ನ."

"ಹೆತ್ತವಳನ್ನ?"

"ಅಕ್ಕ ಅಂತ. ನಮ್ಮದು ಕೂಡು ಮನೆ. ಚಿಕ್ಕಮ್ಮಂದಿರು ಅವಳನ್ನ ಅಕ್ಕ ಅಂತಿದ್ರು. ಚಿಕ್ಕಪ್ಪಂದಿರು ಅಪ್ಪನ್ನ ಅಣ್ಣ ಅಂತಿದ್ರು. ಮಕ್ಕಳೂ ಹಾಗೇ ಕಲಿತ್ವಿ. ಬ್ಯಾಂಕಲ್ಲಿ ಅಮ್ಮನ ಹೆಸರೇನು ಅಂದ್ರು, ಬಾಯಿಗೆ ಬಂದದ್ದು ಹೇಳಿದೆ."

ಅರವತ್ತೇಳರ ಅಕ್ಕ, ಅವಳ ಮಂಚ ಬಿಟ್ಟು ಏಳದ ಅಣ್ಣ. ಎಲ್ಲವನ್ನೂ ಕೇಳಿಸಿಕೊಂಡೇ ಇದ್ದೆನಲ್ಲ ಎಂದು ಕಾಂಪೌಂಡರಿಗೆ ತಮ್ಮ ಮೇಲೇ ಬೇಸರವಾಯಿತು.

"ಯಜಮಾನರು ಪಾಸ್‌ಪೋರ್ಟು ನೋಡಿ ಹೆತ್ತ ತಾಯಿಯ ಹೆಸರು ಬರೆದಿದ್ದಾರೆ," ಮೇಷ್ಟ್ರು ಮುಂದುವರಿಸಿದರು. "ಡ್ರೈವರು ಆ ಮನೆಯಲ್ಲೇ ಬೆಳೆದವನು, ಅವನೂ ಅದನ್ನೇ ಬರೆದಿದ್ದಾನೆ. ಇವರಲ್ಲಿ ಯಾರು ಚೀಟಿ ಹಾಕಿದ್ದರೂ ಬ್ಯಾಂಕು ತಾಳೆಯಾಗಲಿಲ್ಲ ಅಂತ ಎಸೆಯುತ್ತಿತ್ತು. ನಿಜ ಗೊತ್ತಿದ್ದವರಿಗೆ ಆ ಚೀಟಿ ಬರೆಯೋಕೆ ಆಗುತ್ತಿರಲಿಲ್ಲ. ಇವನು ಖಾತೆ ತೆರೆದ ದಿನ ಪಕ್ಕದಲ್ಲಿ ನಿಂತು, ಆ ಮೂರಕ್ಷರವೇ ಹೆತ್ತವಳ ಹೆಸರು ಅಂತ ಹನ್ನೆರಡು ವರ್ಷ ನಂಬಿದವರು ಮಾತ್ರ ಬರೆಯಬಲ್ಲರು. ಇವತ್ತೂ ಅವರೊಬ್ಬರೇ ಅದನ್ನ ಬರೆದಿದ್ದಾರೆ. ಇನ್ನು ಕಾರಣ. ಅಂಗಳ ತುಂಬ ಸಸಿ, ಪಕ್ಕದಲ್ಲಿ ಖಾಲಿ ನೆಲ. ಆ ನೆಲ ಯಾರ ದುಡ್ಡಿನಲ್ಲಿ ಕೊಳ್ಳೋದಿತ್ತಮ್ಮ?"

ಬೀಜದಂಗಡಿಯಮ್ಮ ತಾವು ಬರೆದ ಹಾಳೆಯನ್ನೇ ನೋಡುತ್ತಿದ್ದರು. ಇಲ್ಲವೆನ್ನಲಿಲ್ಲ. ನೆಲವನ್ನು ಇಬ್ಬರೂ ಸೇರಿ ಕೊಂಡು ಸಸಿಮಡಿ ಮಾಡುವುದೆಂದು ಮಾತಾಗಿತ್ತಂತೆ, ತಿಂಗಳ ಕೊನೆಗೆ ನೋಂದಣಿ. ಕಾರ್ಡಿನ ಮಿತಿ ಏರಿಸಿಕೊಂಡು ಬಂದೆ ಎಂದು ಅವನು ಹೇಳಿದ ದಿನದಿಂದ ಅವರಿಗೆ ನಿದ್ದೆ ಇಲ್ಲವಂತೆ. ಇದ್ದದ್ದನ್ನೆಲ್ಲ ಅಲ್ಲೇ ಸುರಿದು ಬರುತ್ತಾನೆ ಎಂದು.

"ಅಕ್ಕ ಅಂದ್ರೆ ಅಕ್ಕ ಅಂದ್ಕೊಂಡೆ," ಎಂದರು. "ಅವಳಿಗೂ ಗಂಡ ಮಕ್ಕಳು ಇರ್ತಾರೆ, ಜೊತೆಗೆ ಅಣ್ಣ ಬೇರೆ ಇದಾನೆ, ಅವರು ನೋಡ್ಕೊಳ್ಳಲಿ, ಇವನೊಬ್ಬನೇ ಯಾಕೆ ಹೊರಬೇಕು ಅಂತ. ನಾಲ್ಕು ದಿನ ತಡೆದರೆ ಅವರು ಕೈ ಹಾಕ್ತಾರೆ, ಆಮೇಲೆ ಒಂದು ಫೋನಿಗೆ ಬ್ಯಾಂಕಿನೋರು ಬಿಡ್ತಾರೆ ಅಂದ್ಕೊಂಡೆ. ಇವನ ತಾಯಿ ಹೋಗಿ ಐದು ವರ್ಷ ಆಯ್ತು ಅಂತಲೇ ನಾನು..."

ಕಸಿಯವನು ಕಿಟಕಿಯ ಸರಳು ಹಿಡಿದುಕೊಂಡೇ ಇದ್ದ. ಯಜಮಾನರು ತಮ್ಮ ಫೈಲು ಮುಚ್ಚಿದರು. ಡ್ರೈವರು ಎದ್ದು ಹೊರಗೆ ಹೋದ.

ಮೇಷ್ಟ್ರು ಹೊಸ ಹಾಳೆಯೊಂದನ್ನು ಆಕೆಯ ಮುಂದಿಟ್ಟರು. ಇದನ್ನು ಬರೆದುಕೊಟ್ಟರೆ ಬ್ಯಾಂಕು ನಿಮ್ಮ ಮೇಲೆ ದೂರು ಕೊಡಬಹುದು, ಬರೆಯದಿದ್ದರೆ ನಾಳೆ ಇವನ ಕಾರ್ಡು ಹೋಗುತ್ತೆ, ನಾನು ಬಲವಂತ ಮಾಡೋನಲ್ಲ ಎಂದರು. ಆಕೆ ಬರೆದರು. ಈ ಸಲ ಬಿಡಿ ಅಕ್ಷರದಲ್ಲಲ್ಲ, ತಮ್ಮ ಕೈಬರಹದಲ್ಲಿ, ಎರಡು ಪುಟ.

ಶುಕ್ರವಾರ ಕಚೇರಿಯಲ್ಲಿ ಮೂರು ಗಂಟೆ ಕಾಯಿಸಿದರು. ಅಧಿಕಾರಿ ಆಕೆಯ ಕಾಗದವನ್ನೂ ಆಸ್ಪತ್ರೆಯ ಚೀಟಿಗಳನ್ನೂ ಎರಡು ಸಲ ಓದಿ, ಇದನ್ನು ನೀವೇ ಬರೆದದ್ದಾ ಎಂದು ಕೇಳಿದ. ಆಕೆ ನಾನೇ ಎಂದರು. ನೀವು ಇವರಿಗೆ ಏನಾಗಬೇಕು ಎಂದಾಗ, ಮನೆ ಬಾಡಿಗೆಗೆ ಕೊಟ್ಟಿದ್ದೇನೆ ಎಂದರು. ಅಧಿಕಾರಿ ತಡವನ್ನು ಮನ್ನಿಸಿ ಮೊಹರು ಒತ್ತಿ, ನಿವಾಸದ ಕಾರ್ಡನ್ನು ಕಿಟಕಿಯ ಕಂಡಿಯಿಂದ ಆಚೆ ನೂಕಿದ. ಕಸಿಯವನು ಅದನ್ನು ಅಂಗಿಯ ಒಳಜೇಬಿಗೆ ಹಾಕಿಕೊಂಡ.

ಬಸ್‌ ನಿಲ್ದಾಣದವರೆಗೆ ನಾಲ್ವರೂ ನಡೆದರು. ಮೇಷ್ಟ್ರೂ ಕಾಂಪೌಂಡರೂ ಹಿಂದೆ, ಅವರಿಬ್ಬರು ಮುಂದೆ, ನಡುವೆ ಒಂದು ಆಳಿನಷ್ಟು ಜಾಗ. ತಂಗುದಾಣದ ನೆರಳಿಗೆ ಬಂದ ಮೇಲೆ ಬೀಜದಂಗಡಿಯಮ್ಮ ಅವನ ಕಡೆ ನೋಡದೆ ಕೇಳಿದರು.

"ಯಾವ ಕಾಲು?"

"ಎಡದ್ದು," ಎಂದ ಕಸಿಯವನು.

ಬಸ್ಸು ಬಂತು. ಅವನು ಹತ್ತಿದ. ಆಕೆ ಮುಂದಿನ ಬಸ್ಸಿಗೆಂದು ಅಲ್ಲೇ ನಿಂತರು.