ತೊಳೆದಿಟ್ಟ ಬಂದೂಕು

1959ನೇ ಇಸವಿ ನವೆಂಬರ್ 13, ಶುಕ್ರವಾರ. ಬೆಳಗಿನ ಹತ್ತು ಗಂಟೆಗೆ ಹತ್ತಿ ವ್ಯಾಪಾರಿ ಶಿವಯೋಗಪ್ಪನವರ ಹೆಂಡತಿ ಉಮಾಮಹೇಶ್ವರಿ ದಾವಣಗೆರೆ ಪೇಟೆಯ ಪೊಲೀಸ್ ಠಾಣೆಗೆ ಬಂದು, ಇನ್‌ಸ್ಪೆಕ್ಟರ್ ರಾಮಚಂದ್ರಪ್ಪನವರನ್ನೇ ಕಾಣಬೇಕೆಂದು ಪಟ್ಟು ಹಿಡಿದು ಕುಳಿತರು. ಗಂಡನನ್ನು ಮಣ್ಣು ಮಾಡಿ ಇನ್ನೂ ವಾರವಾಗಿರಲಿಲ್ಲ.

ಹಿಂದಿನ ಭಾನುವಾರ ಬಾತಿ ಹಳ್ಳಿಯ ತಮ್ಮ ಬೇವಿನ ತೋಪಿನಲ್ಲಿ ಶಿವಯೋಗಪ್ಪ ಗುಂಡೇಟಿನಿಂದ ಸತ್ತಿದ್ದರು. ಆಗ ರಾಮಚಂದ್ರಪ್ಪ ಕೋರ್ಟು ಕೆಲಸದ ಮೇಲೆ ಚಿತ್ರದುರ್ಗದಲ್ಲಿದ್ದರು. ಸಬ್‌ಇನ್‌ಸ್ಪೆಕ್ಟರು ಸ್ಥಳ ಪಂಚನಾಮೆ ಮಾಡಿ, ಮೃತರು ತಮ್ಮ ಬಂದೂಕಿನಿಂದ ತಾವೇ ಹೊಡೆದುಕೊಂಡಂತೆ ಕಾಣುತ್ತದೆ ಎಂದು ಬರೆದು, ಅಸಹಜ ಸಾವಿನ ಪ್ರಕರಣ ದಾಖಲಿಸಿ ಕೈತೊಳೆದುಕೊಂಡಿದ್ದರು.

"ಕೂಡ್ರಿ ಅಮ್ಮಾ. ಏನು ದೂರು?"

"ನಮ್ಮನೆಯವ್ರು ತಾವಾಗೇ ಸತ್ತಿಲ್ಲ ಸಾಹೇಬ್ರೆ."

"ಹೆಂಗೆ ಹೇಳ್ತೀರಿ?"

"ಅವರ ಕರಡಿಗೆ ಎದಿ ಮ್ಯಾಲಿತ್ತು."

ಲಿಂಗವಿರುವ ಬೆಳ್ಳಿಯ ಕರಡಿಗೆ ಶಿವಯೋಗಪ್ಪನವರ ಕೊರಳಲ್ಲಿ ಸದಾ ಇರುತ್ತಿತ್ತು. ಬಂದೂಕು ಕೈಗೆತ್ತಿಕೊಳ್ಳುವ ಮೊದಲು ಅವರು ಶಿವದಾರವನ್ನು ಎಳೆದು ಕರಡಿಗೆಯನ್ನು ಬೆನ್ನಿಗೆ ಸರಿಸುತ್ತಿದ್ದರು. ಬಂದೂಕಿನ ಒದೆತ ಲಿಂಗಕ್ಕೆ ತಾಗಬಾರದೆಂದು ಪ್ರಾಯದಲ್ಲಿ ಮಾಡಿಕೊಂಡ ರೂಢಿ ಅದು.

"ಸಾಯಾಕೆ ಹೊಂಟ ಮನುಷ್ಯಗೆ ಅದರ ಖಬರು ಇರ್ತದೇನ್ರಿ?"

"ಲಿಂಗದ ಖಬರು ತಪ್ಪೋರಲ್ಲ ಅವರು." ಆಕೆ ಸೆರಗಿನ ತುದಿಯನ್ನು ಬಿಗಿಯಾಗಿ ಹಿಡಿದಿದ್ದರು. "ಮಗಳು ಬಾಣಂತನಕ್ಕೆ ಬರ್ತಾಳೆ, ಮನೇಲಿ ಮದ್ದು ಗುಂಡು ಬ್ಯಾಡ ಅಂತ ನಾನೇ ಹಟ ಮಾಡಿದ್ದೆ. ದೀಪಾವಳಿ ಪಾಡ್ಯದ ದಿನ ನನ್ನ ಕೈ ಮುಟ್ಟಿ ಮಾತು ಕೊಟ್ರು. ಸೋಮವಾರ ಎಲ್ಲ ಬಂದೂಕನ್ನೂ ನಿಮ್ಮ ಠಾಣೆಗೆ ಒಪ್ಪಿಸೋದಿತ್ತು. ಭಾನುವಾರ ಹಿಂಗಾತು. ಹೆಂಡತಿ ಬಂದೂಕು ಬಿಡಿಸಿದ್ಲು, ಅದಕ್ಕೇ ಸತ್ತ ಅಂತ ಓಣಿ ತುಂಬಾ ಅಂತಾರೆ. ಅವರು ಹೋಗಿದ್ದನ್ನ ಹೆಂಗೋ ತಡ್ಕೊಂತೀನಿ. ನನ್ನಿಂದ ಹೋದ್ರು ಅನ್ನೋದನ್ನ ಹೊತ್ಕೊಂಡು ನಾನು ಬದುಕಲಾರೆ."

ರಾಮಚಂದ್ರಪ್ಪ ಕರಗುವ ಜಾತಿಯ ಅಧಿಕಾರಿಯಲ್ಲ. ಆದರೂ ಆ ಕೊನೆಯ ಮಾತು ಅವರಿಗೆ ನಾಟಿತು. ಹೆಡ್ ಕಾನ್‌ಸ್ಟೇಬಲ್ ಸೂರಪ್ಪನನ್ನು ಕರೆದು, ವಶಪಡಿಸಿಕೊಂಡ ಸಾಮಾನಿಡುವ ಮಾಲ್‌ಖಾನೆಯ ಬೀಗ ತೆಗೆಸಿದರು.

ಶಿವಯೋಗಪ್ಪನವರ ಹತ್ತಿರ ಮೂರು ಬಂದೂಕುಗಳಿದ್ದವು. ಬೆಂಗಳೂರಿನಿಂದ ತರಿಸಿದ ಜೋಡುನಳಿಗೆಯ ತೋಟಾ ಬಂದೂಕು ಒಂದು, ಸಣ್ಣ ಗುಂಡಿನ ರೈಫಲ್ ಒಂದು, ಅಜ್ಜನ ಕಾಲದ ಕೇಪಿನ ಬಂದೂಕು ಒಂದು. ತೋಟಾ ಬಂದೂಕನ್ನು ಅವರು ಖಾನಾವಳಿ ಊಟ ಎಂದು ಗೇಲಿ ಮಾಡುತ್ತಿದ್ದರಂತೆ. ಅಂಗಡಿಯಲ್ಲಿ ಕೊಂಡ ಸಿದ್ಧ ತೋಟಾ ತುರುಕಿ ಕುದುರೆ ಎಳೆದರಾಯಿತು, ಅದರಲ್ಲೇನು ರುಚಿ? ಅವರ ಜೀವವೆಲ್ಲ ಕೇಪಿನ ಬಂದೂಕಿನ ಮೇಲೆ. ಮದ್ದನ್ನು ತಾವೇ ಅಳೆದು ಸುರಿದು, ತೆಂಗಿನ ನಾರು ಜಡಿದು, ತಾವೇ ಎರಕ ಹೊಯ್ದ ಸೀಸದ ಉಂಡೆ ಇಳಿಸಬೇಕು. ಇಷ್ಟೆಲ್ಲ ಮಾಡಿ ಅವರು ಹೊಡೆಯುತ್ತಿದ್ದದ್ದು ಕೊಂಬೆಗೆ ನೇತುಹಾಕಿದ ಮಡಿಕೆಗಳಿಗೆ. ಜನ್ಮದಲ್ಲಿ ಒಂದು ಗುಬ್ಬಿಯನ್ನೂ ಕೊಂದವರಲ್ಲ.

ದೇಹದಲ್ಲಿ ಸಿಕ್ಕಿದ್ದು ಅಂಥ ಸೀಸದ ಉಂಡೆಯೇ. ಮಿಕ್ಕ ಎರಡು ಬಂದೂಕುಗಳಿಗೆ ಅದು ಹೋಗುವುದಲ್ಲ. ರಾಮಚಂದ್ರಪ್ಪ ಕೇಪಿನ ಬಂದೂಕನ್ನು ಗೋಣಿಯಿಂದ ಬಿಚ್ಚಿ ನಳಿಗೆಯ ಬಾಯಿಗೆ ಮೂಗು ಹಿಡಿದರು. ಅವರು ಹದಡಿ ಹಳ್ಳಿಯವರು. ಅಪ್ಪ ಜೋಳದ ಹೊಲ ಕಾಯಲು ಇಂಥದ್ದೇ ಬಂದೂಕು ಇಟ್ಟುಕೊಂಡಿದ್ದರು. ಒಂದು ಈಡು ಹಾರಿಸಿದರೆ ಕೊಳೆತ ಮೊಟ್ಟೆಯಂಥ ನಾತ ದಿನಗಟ್ಟಲೆ ಹೋಗುತ್ತಿರಲಿಲ್ಲ. ಇಲ್ಲಿ ಆ ನಾತವಿರಲಿಲ್ಲ.

"ಸೂರಪ್ಪ, ಮದ್ದು ಜಡಿಯೋ ಗಜಕ್ಕೆ ಒಂದು ಬಿಳೇ ಬಟ್ಟೆ ಸುತ್ತಿ ನಳಿಗೆಗೆ ಇಳಿಸು."

ಬಟ್ಟೆ ತಳ ಮುಟ್ಟಿ ಮೇಲೆ ಬಂತು. ಅದಕ್ಕೆ ಮಸಿಯ ಗುರುತೂ ಇರಲಿಲ್ಲ, ತೆಳ್ಳಗೆ ಎಣ್ಣೆ ಮಾತ್ರ ಹತ್ತಿತ್ತು.

"ಠಾಣೆಗೆ ತಂದ್ಮ್ಯಾಲೆ ಯಾರಾದ್ರೂ ತೊಳೆದ್ರಾ?"

"ಇಲ್ರಿ ಸರ್. ತಂದಂಗೇ ಕಟ್ಟಿಟ್ಟೀವಿ."

ಸೂರಪ್ಪ ಬಂದೂಕನ್ನು ಮೇಜಿನ ಮೇಲಿಟ್ಟು ಎರಡು ಹೆಜ್ಜೆ ಹಿಂದೆ ಸರಿದ. ಪಂಚನಾಮೆಯ ದಿನ ಅದು ಮರಕ್ಕೆ ಒರಗಿ ನಿಂತಿತ್ತೆಂದೂ ನಳಿಗೆಯ ಬಾಯಿಗೆ ಬಟ್ಟೆಯ ಬಿರಡೆ ಹಾಕಿತ್ತೆಂದೂ ಅವನಿಗೆ ಈಗ ನೆನಪಾಯಿತು. ಊರಿನವರು ಯಾರೋ ಎತ್ತಿಟ್ಟಿರಬೇಕೆಂದು ಎಲ್ಲರೂ ಭಾವಿಸಿದ್ದರು.

"ಸತ್ತೋರು ಎದ್ದು ತೊಳೆದಂಗೈತಲ್ರಿ ಸರ್," ಎಂದ ಸೂರಪ್ಪ. ಅವನು ತಮಾಷೆ ಮಾಡುತ್ತಿರಲಿಲ್ಲ.

ಮಧ್ಯಾಹ್ನ ಇಬ್ಬರೂ ಬಾತಿಗೆ ಹೋದರು. ತೋಪಿನಲ್ಲಿ ಮಡಿಕೆಗಳು ಇನ್ನೂ ನೇತಾಡುತ್ತಿದ್ದವು. ಒಂದೂ ಒಡೆದಿರಲಿಲ್ಲ. ಗುಡ್ಡದ ಕಡೆಯಿಂದ ಗಾಳಿ ಬೀಸಿದಾಗ ಮಡಿಕೆಗಳ ಬಾಯಿಂದ ಹೂಂ ಹೂಂ ಎಂದು ಸದ್ದು ಬರುತ್ತಿತ್ತು, ಯಾರೋ ಕತೆ ಹೇಳುತ್ತಿದ್ದು ಇವು ಹೂಂಗುಟ್ಟಿದ ಹಾಗೆ. ಸೂರಪ್ಪ ಟೋಪಿ ತೆಗೆದು ಮತ್ತೆ ಹಾಕಿಕೊಂಡ. ಹಗಲು ಬಿಸಿಲಿನಲ್ಲೂ ಆ ಜಾಗದಲ್ಲಿ ನಿಲ್ಲುವುದು ಇಬ್ಬರಿಗೂ ಬೇಡವಾಗಿತ್ತು.

ದೇಹ ಬಿದ್ದಿದ್ದ ಜಾಗದಿಂದ ನಾಲ್ಕು ಮಾರಿನ ಆಚೆ ಮೂರು ಕಲ್ಲಿನ ಒಲೆ ಇತ್ತು. ಪಕ್ಕದ ನೆಲದ ಮೇಲೆ ಕರಿನೀರು ಚೆಲ್ಲಿ ಒಣಗಿದ ಕಲೆ ಇತ್ತು. ರಾಮಚಂದ್ರಪ್ಪ ಬಗ್ಗಿ ಆ ಮಣ್ಣನ್ನು ಹಿಡಿ ತೆಗೆದು ಮೂಸಿದರು. ನಳಿಗೆಯಲ್ಲಿ ಸಿಗದ ನಾತ ಅಲ್ಲಿತ್ತು.

ದೇಹವನ್ನು ಮೊದಲು ಕಂಡವನು ಪಕ್ಕದ ಹೊಲದ ಲಿಂಗಣ್ಣ. ಅವನನ್ನು ಕರೆಸಿದರು.

"ಈಡಿನ ಸದ್ದು ಕೇಳಿದ್ಯಾ?"

"ಕೇಳಿದ್ನಿರಿ. ಒಂದೇ."

"ಆಮ್ಯಾಲೆ?"

"ಹೊಗಿ ಎದ್ದಿತ್ತು. ಪ್ರತಿ ಭಾನುವಾರ ಚಾ ಕಾಸ್ತಾರಲ್ರಿ, ಕಾಸಾಕತ್ಯಾರೆ ಅನ್ಕೊಂಡೆ."

"ಒಬ್ಬರೇ ಇದ್ರಾ?"

ಲಿಂಗಣ್ಣ ತಡೆದ. "ಕಣ್ಣಿಗೆ ಯಾರೂ ಬೀಳ್ಲಿಲ್ರಿ. ಮಾತು ಕೇಳಿಸ್ತಿತ್ತು, ಸಣ್ಣಗೆ. ಒಬ್ಬರದೇ ದನಿ. ಕೂಸಿಗೆ ಸಮಾಧಾನ ಮಾಡಿದಂಗಿತ್ತು. ಎಷ್ಟೋ ಹೊತ್ತಿನ ಮ್ಯಾಲೆ ಆ ಕಡೆ ಹೋದ್ರೆ ಸಾಹುಕಾರ್ರು ಬಿದ್ದಿದ್ರು. ಅದಕ್ಕೇ ಯಾರಿಗೂ ಹೇಳಿಲ್ರಿ. ಸತ್ತೋರ ದನಿ ಕೇಳಿದೆ ಅಂದ್ರೆ ನನ್ನೇ ಹುಚ್ಚ ಅಂತಾರೆ."

ವೈದ್ಯರ ವರದಿ ರಾಮಚಂದ್ರಪ್ಪನವರ ಜೇಬಿನಲ್ಲಿತ್ತು. ಗುಂಡು ಎಡ ಪಕ್ಕೆಯ ಕೆಳಗೆ ಹೊಕ್ಕಿತ್ತು. ಮೃತರು ಕೂಡಲೇ ಸತ್ತಿರಲಾರರು, ರಕ್ತ ಹರಿದು ಸ್ವಲ್ಪ ಹೊತ್ತಿನ ಮೇಲೆ ಸತ್ತಿರಬೇಕು ಎಂದಿತ್ತು. ಒಲೆಯನ್ನೂ ದೇಹ ಬಿದ್ದಿದ್ದ ಜಾಗವನ್ನೂ ಅವರು ಮತ್ತೊಮ್ಮೆ ನೋಡಿದರು. ಒಲೆಯ ಮುಂದೆ ಕೂತವನಿಗೆ ಬಿದ್ದವನ ಮುಖ ಕಾಣದೆ ಇರುವಂತಿರಲಿಲ್ಲ.

ಸಂಜೆ ಐದಕ್ಕೆ ಉಮಾಮಹೇಶ್ವರಿಯವರನ್ನು ಮತ್ತೆ ಠಾಣೆಗೆ ಕರೆಸಿ ಬಂದೂಕನ್ನು ಮುಂದಿಟ್ಟರು. ಆಕೆ ಬಂದೂಕನ್ನು ಮುಟ್ಟಲಿಲ್ಲ. ಬಗ್ಗಿ ಮರದ ಹಿಡಿಯನ್ನು ಮೂಸಿದರು.

"ಇದು ಕುಸುಬಿ ಎಣ್ಣಿ."

"ಮನೇಲಿ ಯಾವುದು ಹಚ್ತಿದ್ರು?"

"ಹೊಲಿಗಿ ಮಿಷನ್ ಎಣ್ಣಿ ಬಿಟ್ರೆ ಬ್ಯಾರೆ ಮುಟ್ತಿರ್ಲಿಲ್ಲ. ಮರಕ್ಕೆ ಕುಸುಬಿ ಎಣ್ಣಿನೇ ಆಗಬೇಕು ಅಂತ ಹಟ ಹಿಡಿಯೋರು ಒಬ್ರೇ. ಇವ್ರ ಗೆಳೆಯ, ಹರಿಹರದ ಬಕ್ಕೇಶಣ್ಣ. ಭಾನುವಾರ ಬಂದ್ರೆ ಇಬ್ರಿಗೂ ಅದೇ ಜಗಳ, ನಗ್ತಾ ನಗ್ತಾ..."

ಬಕ್ಕೇಶಪ್ಪ ಮಣ್ಣಿಗೆ ಬಂದಿದ್ದರು, ಎಲ್ಲರಿಗಿಂತ ಹೆಚ್ಚು ಅತ್ತಿದ್ದರು. ಆಕೆ ಅವರ ಕೈಗೆ ನೀರಿನ ಲೋಟ ಕೊಟ್ಟಿದ್ದರು.

ಅಂದೇ ಕೊಲೆ ಪ್ರಕರಣದ ಎಫ್‌ಐಆರ್ ದಾಖಲಾಯಿತು.

ಮರುದಿನ ಶನಿವಾರ ಬೆಳಿಗ್ಗೆ ರಾಮಚಂದ್ರಪ್ಪ ಬಂದೂಕನ್ನು ಗೋಣಿಯಲ್ಲಿ ಸುತ್ತಿಸಿಕೊಂಡು ಹರಿಹರಕ್ಕೆ ಹೋದರು. ಹೊಳೆಯ ಕಡೆ ಮಂಜು ಇನ್ನೂ ಕರಗಿರಲಿಲ್ಲ. ಬಕ್ಕೇಶಪ್ಪನವರ ಬಟ್ಟೆ ಅಂಗಡಿ ದೇವಸ್ಥಾನದ ಬೀದಿಯಲ್ಲಿತ್ತು. ಅಂಗಡಿಗೆ ಹೋಗುವ ಮೊದಲು ರಾಮಚಂದ್ರಪ್ಪ ಸೂರಪ್ಪನಿಗೆ ಕೈ ಒದ್ದೆ ಮಾಡಿಕೊಂಡು ನಳಿಗೆಯನ್ನು ಅಲ್ಲಲ್ಲಿ ಹಿಡಿಯಲು ಹೇಳಿದರು. ಯಾಕೆಂದು ಸೂರಪ್ಪ ಕೇಳಲಿಲ್ಲ.

ಬಕ್ಕೇಶಪ್ಪ ಐವತ್ತರ ಆಸುಪಾಸಿನ ತೆಳ್ಳನೆಯ ಮನುಷ್ಯ. ಹಣೆಯ ತುಂಬ ವಿಭೂತಿ ಇತ್ತು.

"ಬರ್ರಿ ಸಾಹೇಬ್ರೆ, ಕೂಡ್ರಿ."

"ಹೋದ ಭಾನುವಾರ ಬಾತಿಗೆ ಹೋಗಿದ್ರಾ?"

"ಇಲ್ರಿ. ಅಂಗಡಿ ಲೆಕ್ಕ ಇತ್ತು."

"ನಿಮ್ಮ ಹೆಸರಿಗೆ ಬಂದೂಕಿನ ಲೈಸೆನ್ಸ್ ಐತಾ?"

"ಎರಡು ಸಲ ಅರ್ಜಿ ಹಾಕಿದ್ದೆ. ಬಟ್ಟೆ ವ್ಯಾಪಾರಿ, ಕಾಯಾಕೆ ಹೊಲ ಇಲ್ಲ, ನಿನಗ್ಯಾಕ ಅಂದ್ರು."

"ಇದು ಯಾರದು ನೋಡಿ ಹೇಳ್ರಿ."

ಸೂರಪ್ಪ ಗೋಣಿ ಬಿಚ್ಚಿ ಬಂದೂಕನ್ನು ಗಲ್ಲಾಪೆಟ್ಟಿಗೆಯ ಮುಂದಿಟ್ಟ. ಬಕ್ಕೇಶಪ್ಪ ನೋಡಿದರು. ನಳಿಗೆಯ ಉದ್ದಕ್ಕೂ ಒದ್ದೆ ಬೆರಳಿನ ಗುರುತುಗಳಿದ್ದವು. ಅವರ ಮುಖದಲ್ಲಿ ಭಯ ಮೂಡಲಿಲ್ಲ. ತೊಟ್ಟಿಲ ಕೂಸಿನ ಮೇಲೆ ನೊಣ ಕೂತದ್ದನ್ನು ಕಂಡ ತಾಯಿಯ ಮುಖ ಹೇಗಾಗುತ್ತದೋ ಹಾಗಾಯಿತು.

"ಸಾವಯೋಗಪ್ಪಂದು..." ಎಂದು ತೊದಲಿ, "ಶಿವಯೋಗಪ್ಪಂದು," ಎಂದು ತಿದ್ದಿಕೊಂಡರು. ಕೈ ತಾನಾಗಿಯೇ ಹೆಗಲಿನ ವಸ್ತ್ರಕ್ಕೆ ಹೋಯಿತು. "ಹಿಂಗ್ಯಾಕ ಹಿಡಿದ್ರಿ? ಒದ್ದೆ ಕೈ ಬಿದ್ರೆ ತುಕ್ಕು ಹಿಡೀತದೆ."

ಅವರು ನಳಿಗೆಯನ್ನು ಒರೆಸತೊಡಗಿದರು. ಒರೆಸುತ್ತ ಗಲ್ಲಾಪೆಟ್ಟಿಗೆಯ ಕೆಳಗಿನ ಖಾನೆಯಿಂದ ಒಂದು ಸಣ್ಣ ಬಾಟಲಿ ತೆಗೆದು, ವಸ್ತ್ರದ ಮೂಲೆಗೆ ಎರಡು ಹನಿ ಹಾಕಿ, ಮರದ ಹಿಡಿಯನ್ನು ತಿಕ್ಕಿದರು. ಅಂಗಡಿಯ ತುಂಬ ಕುಸುಬೆ ಎಣ್ಣೆಯ ವಾಸನೆ ಹರಡಿತು. ಎದುರಿಗೆ ಪೊಲೀಸರಿದ್ದಾರೆಂಬುದನ್ನೇ ಅವರು ಮರೆತಿದ್ದರು.

ರಾಮಚಂದ್ರಪ್ಪ ಕೆಲಸ ಮುಗಿಯುವವರೆಗೆ ಕಾದರು. ಆಮೇಲೆ ಮೆಲ್ಲಗೆ ಕೇಳಿದರು. "ಭಾನುವಾರಾನೂ ಹಿಂಗೇ ಒರೆಸಿದ್ರಾ?"

ಕೈ ನಿಂತಿತು.

"ಮೊದ್ಲು ಬಿಸಿನೀರು ಹಾಕಬೇಕ್ರಿ," ಎಂದರು ಬಕ್ಕೇಶಪ್ಪ. "ಕರಿ ಮದ್ದಿಗೆ ಬಿಸಿನೀರೇ ಆಗಬೇಕು."

ಬೆಳಿಗ್ಗೆ ಹನ್ನೊಂದು ಗಂಟೆಗೆ ಅವರನ್ನು ದಸ್ತಗಿರಿ ಮಾಡಿದರು. ಎಣ್ಣೆಯ ಬಾಟಲಿಯನ್ನು ಪಂಚರ ಮುಂದೆ ವಶಪಡಿಸಿಕೊಂಡರು.

ಹೇಳಿಕೆಯನ್ನು ಅವರು ಅಳದೆ ಕೊಟ್ಟರು. ಇಪ್ಪತ್ತು ವರ್ಷ ಭಾನುವಾರ ತಪ್ಪದೆ ಸೈಕಲ್ ತುಳಿದು ಬಾತಿಗೆ ಹೋದವರು ಅವರು. ಬಂದೂಕು ಗೆಳೆಯನದು, ತೊಳೆದು ಒರೆಸುವ ಕೈ ಇವರದು. ಅಂದು ಕಡೆಯ ಭಾನುವಾರವೆಂದು ಗೆಳೆಯ ಅಲ್ಲೇ ಹೇಳಿದರು. ಮದ್ದು ತುಂಬಿದ್ದ ಬಂದೂಕು ಬಕ್ಕೇಶಪ್ಪನವರ ಕೈಯಲ್ಲಿತ್ತು. ಠಾಣೆಯಲ್ಲಿ ತುಕ್ಕು ಹಿಡಿದು ಸಾಯುತ್ತದೆ, ನನಗೆ ಕೊಟ್ಟುಬಿಡು, ಬಚ್ಚಿಡುತ್ತೇನೆ ಎಂದು ಇವರು ಅಂಗಲಾಚಿದರು. ಮಾತು ಕೊಟ್ಟಾಗಿದೆ ಎಂದು ಶಿವಯೋಗಪ್ಪ ಬಂದೂಕಿಗೆ ಕೈಚಾಚಿದರು. ಇವರು ಬಿಡಲಿಲ್ಲ. ಜಗ್ಗಾಟದಲ್ಲಿ ಬಂದೂಕಿನ ಕುದುರೆ ಬಿದ್ದು ಈಡು ಹಾರಿತು.

"ಕೊಲ್ಲಬೇಕಂತ ಇರ್ಲಿಲ್ಲ ಸಾಹೇಬ್ರೆ."

"ರಸ್ತೆ ಹತ್ರಾನೇ ಇತ್ತು. ಗಾಡಿ ನಿಲ್ಲಿಸಿ ಆಸ್ಪತ್ರೆಗೆ ಯಾಕ ಒಯ್ಲಿಲ್ಲ?"

ಈ ಪ್ರಶ್ನೆ ತಮಗೆ ಹೊಳೆದೇ ಇರಲಿಲ್ಲವೆಂಬಂತೆ ಬಕ್ಕೇಶಪ್ಪ ನೋಡಿದರು.

"ಈಡು ಹಾರಿದ ಕೂಡ್ಲೇ ನೀರು ಇಡೋದು ರೂಢಿ. ಇಟ್ಟೆ. ನೀರು ಕಾಯೋತನಕ ಉಸಿರಾಡ್ತಿದ್ದ. ನನ್ನೇ ನೋಡ್ತಿದ್ದ. ಆತು ಶಿವಯೋಗಿ, ಇನ್ನೊಂದ್ಸಲ ಬಟ್ಟಿ ಎಳೆದ್ರೆ ಆತು, ಆಮ್ಯಾಲೆ ಹೋಗೋಣ ಅಂತ ಹೇಳ್ತಾನೇ ಇದ್ದೆ. ಒರೆಸಿ ಇಟ್ಟು ತಿರುಗಿ ನೋಡಿದ್ರೆ ಹೋಗಿಬಿಟ್ಟಿದ್ದ."



ಭಾನುವಾರ ಬೆಳಿಗ್ಗೆ ರಾಮಚಂದ್ರಪ್ಪ ತಾವೇ ಉಮಾಮಹೇಶ್ವರಿಯವರ ಮನೆಗೆ ಹೋದರು. ನಿಮ್ಮಿಂದ ಅವರು ಸಾಯಲಿಲ್ಲ, ನಿಮಗೆ ಕೊಟ್ಟ ಮಾತನ್ನು ಕಡೆಯತನಕ ಹಿಡಿದಿದ್ದರು ಎಂದರು. ಆಕೆ ಕಣ್ಣು ಮುಚ್ಚಿ ಕೈ ಮುಗಿದರು. ಕೋರ್ಟಿನಲ್ಲಿ ಊರ ಮುಂದೆ ಕೇಳುವುದಕ್ಕಿಂತ ಇಲ್ಲೇ ಕೇಳುವುದು ಮೇಲೆಂದು ಬಕ್ಕೇಶಪ್ಪ ನೀರು ಕಾಯಿಸಿದ ಸಂಗತಿಯನ್ನೂ ರಾಮಚಂದ್ರಪ್ಪ ಹೇಳಿದರು. ಒಳಗೆ ತುಂಬು ಬಸುರಿ ಮಗಳು ಓಡಾಡುತ್ತಿದ್ದ ಸದ್ದು ಕೇಳುತ್ತಿತ್ತು.

"ಈಡು ಬಕ್ಕೇಶಣ್ಣಗೆ ಬಿದ್ದಿದ್ರೆ," ಎಂದರು ಆಕೆ ಕೊನೆಗೆ, "ನಮ್ಮನೆಯವ್ರೂ ಮೊದ್ಲು ನೀರೇ ಇಡ್ತಿದ್ರೇನೋ. ನಂಗೆ ಗೊತ್ತೈತೆ ಸಾಹೇಬ್ರೆ. ಅದಕ್ಕೇ ಬ್ಯಾಡ ಅಂದಿದ್ದೆ."

ರಾಮಚಂದ್ರಪ್ಪ ಟೋಪಿ ತೆಗೆದುಕೊಂಡು ಎದ್ದು ಬಂದರು.

ಠಾಣೆಯಲ್ಲಿ ಸೂರಪ್ಪ ಬಂದೂಕಿಗೆ ಚೀಟಿ ಕಟ್ಟಿ ಮಾಲ್‌ಖಾನೆಯ ಗೋಡೆಗೆ ಒರಗಿಸುತ್ತಿದ್ದ. ಅದು ತೇವದ ಗೋಡೆ.

"ಕೇಸು ಮುಗಿಯೋತನಕ ತುಕ್ಕು ಹಿಡೀತದೆ ಸರ್. ಒಂಚೂರು ಎಣ್ಣಿ ಹಚ್ಚಲಾ?"

ಅವನ ಕೈಯಲ್ಲಿ ಆಗಲೇ ಒಂದು ಬಟ್ಟೆ ಇತ್ತು. ರಾಮಚಂದ್ರಪ್ಪ ಅದನ್ನು ಕಿತ್ತುಕೊಂಡು ಮಾಲ್‌ಖಾನೆಯ ಬಾಗಿಲು ಎಳೆದರು.

"ಬ್ಯಾಡ. ಹಿಡೀಲಿ ಬಿಡು," ಎಂದು ಬೀಗ ಹಾಕಿದರು.